ಸೋಸದೆ ಕುಡಿದ ನೀರು

"ಇಳೀಬ್ಯಾಡ್ರಿ... ಆ ನೀರಾಗ ಕಾಲಿಡಬ್ಯಾಡ್ರಿ!"

ಮೇಲಿನಿಂದ ಬಂದ ಗಂಡುದನಿಗೆ ಸೂಗಮ್ಮ ಬೆಚ್ಚಿಬಿದ್ದಳು. ಕೊಡ ಕೈಜಾರಿ ಮೆಟ್ಟಿಲಿಗೆ ಬಡಿಯಿತು. ಆ ಸದ್ದು ಬಾವಿಯ ಗೋಡೆಗಳಿಗೆ ತಾಗಿ ಬಹಳ ಹೊತ್ತು ಒಳಗೇ ಸುತ್ತಾಡಿತು.

ಸುಡು ಮಧ್ಯಾಹ್ನ. ದೇವದುರ್ಗದ ಆಚೆಗಿನ ಆ ಹಳ್ಳಿಯ ಮೆಟ್ಟಿಲು ಬಾವಿಯಲ್ಲಿ ಅವಳೊಬ್ಬಳೇ ಇರಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಏಳೆಂಟು ಜನ ನೀರಿನಲ್ಲಿ ಕಾಲು ಇಳಿಬಿಟ್ಟು ಸಾಲಾಗಿ ಕೂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಒಬ್ಬೊಬ್ಬರ ಪಾದದ ಬಳಿಯೂ ಒಂದು ಸಣ್ಣ ಕಡ್ಡಿ, ಕಡ್ಡಿಗೆ ಸುತ್ತಿದ ಬಿಳಿ ದಾರ.

ದಾರವಲ್ಲ ಅದು! ಮೈಯೊಳಗಿನಿಂದ ಚೂರುಚೂರೇ ಹೊರಬರುತ್ತಿದ್ದ ನಾರುಹುಳ.

ಊರಿನಲ್ಲಿ ಯಾರೂ ಅದರ ಹೆಸರು ಎತ್ತುತ್ತಿರಲಿಲ್ಲ. ಹೆಸರು ಕೇಳಿಸಿದರೆ ಸಿಟ್ಟಿಗೆದ್ದು ಮೈಯೊಳಗೇ ಹರಿದುಕೊಳ್ಳುತ್ತದೆ ಎಂಬ ಭಯ. 'ಅದು' ಎನ್ನುತ್ತಿದ್ದರು, ಅಷ್ಟೇ. ಉರಿ ತಾಳಲಾರದೆ ಬಾವಿಗೆ ಇಳಿದು ಕಾಲು ತಣ್ಣಗೆ ಮಾಡಿಕೊಳ್ಳುತ್ತಿದ್ದರು. ಕುಡಿಯಲು ಒಯ್ಯುತ್ತಿದ್ದದ್ದೂ ಅದೇ ನೀರು.

ಸೂಗಮ್ಮ ತಲೆಯೆತ್ತಿದಳು. ಬಿಸಿಲಿಗೆ ಬೆನ್ನು ಮಾಡಿ ನಿಂತವನ ಮುಖ ಕಾಣಲಿಲ್ಲ.

"ಯಾರ್ರಿ ನೀವು?"

"ದೂರದವ. ಇಲ್ಲಿ ಕೂತವರ ಕಾಲಿಂದ ಅದರ ಮರಿ ನೀರಿಗಿ ಬೀಳ್ತಾವ. ಕುಡದವರ ಹೊಟ್ಟಿಗಿ ಹೋಗ್ತಾವ. ಕಾಲಿಡಬಾರದ್ರಿ. ಬಟ್ಟಿ ಮಡಚಿ ಸೋಸಿ ಕುಡೀಬೇಕು."

"ನಮ್ಮೂರ ನೀರಿಗಿ ಹೆಸರಿಡಾಕ ಬಂದೀರೇನು?" ಎಂದು ಕೊಡ ತುಂಬಿಕೊಂಡು ಸರಸರನೆ ಮೆಟ್ಟಿಲು ಹತ್ತಿಬಿಟ್ಟಳು.

ಆರೋಗ್ಯ ಇಲಾಖೆಯವರೂ ಇದೇ ಮಾತು ಹೇಳಿ ಹೋಗಿದ್ದರು. ಊರು ನಕ್ಕಿತ್ತು. ಅವಳೂ ನಕ್ಕಿದ್ದಳು.

ಅದೇ ಸಂಜೆ ಹೆಣ್ಣು ನೋಡಲು ಬಂದವನನ್ನು ಬಾಗಿಲ ಸಂದಿಯಿಂದ ನೋಡಿ ಸೂಗಮ್ಮ ಕಣ್ಣುಕಣ್ಣು ಬಿಟ್ಟಳು. ಅಯ್ಯೋ ಶಿವನೇ... ಬಾವಿಯ ಮೇಲೆ ನಿಂತಿದ್ದವನೇ!

ಹೆಸರು ಗುರುಪಾದ. ಬೆಳಗಾವಿ ಕಡೆಯ ತಂಪಿನಲ್ಲಿ ಬೆಳೆದವನು. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕೆಲಸ ಸಿಕ್ಕಿ ಹೊಸದಾಗಿ ಬಂದು, ರಾಯಚೂರಿನಲ್ಲಿ ಖತೀಜಾ ಬೀ ಮನೆಯ ಮುಂಗೋಣೆಯಲ್ಲಿ ಬಾಡಿಗೆಗಿದ್ದ. ಮಾನ್ವಿ, ದೇವದುರ್ಗದ ಹಳ್ಳಿಗಳಿಗೆ ಬಳೆ ತೊಡಿಸಲು ಹೋಗುವ ಖತೀಜಾ ಬೀಗೆ ಗೊತ್ತಿಲ್ಲದ ಹೆಣ್ಣುಮಗಳಿರಲಿಲ್ಲ. ಈ ಸಂಬಂಧ ತಂದವಳೂ ಅವಳೇ.

ಬಿಸಿಲ ನಾಡಿಗೆ ಹೊರಟ ಮಗನಿಗೆ ತಾಯಿ ಬುದ್ಧಿ ಹೇಳಿದ್ದೇ ಹೇಳಿದ್ದು. ನೀರು ಕುದಿಸಿ ಕುಡಿ, ಸೊಳ್ಳೆಪರದೆ ಕಟ್ಟಿಕೊ, ತಲೆಗೆ ಬಟ್ಟೆ ಸುತ್ತು, ಉಷ್ಣ ತಾಗದಂತೆ ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊ! ಪಾಪ, ಎಲ್ಲವನ್ನೂ ಪಾಲಿಸುತ್ತಿದ್ದ. ಅಂಗಿ ಜೇಬು ಅಂದೂ ಉಬ್ಬಿಕೊಂಡಿತ್ತು.

ಸೂಗಮ್ಮ ತಂಬಿಗೆ ತಂದು ಮುಂದಿಟ್ಟಳು. ಆ ಕಡೆ ಹೆಣ್ಣು ತಂದ ನೀರು ಕುಡಿದರೆ ಸಂಬಂಧಕ್ಕೆ ಅರ್ಧ ಒಪ್ಪಿದಂತೆ. ಮುಟ್ಟದಿದ್ದರೆ, ಮುಗಿಯಿತು.

ಗುರುಪಾದ ಕರವಸ್ತ್ರ ತೆಗೆದು ನಾಲ್ಕು ಮಡಿಕೆ ಮಾಡಿ ತಂಬಿಗೆಯ ಬಾಯಿಗೆ ಹಿಡಿದ.

ಪಡಸಾಲೆಯಲ್ಲಿ ಕೂತಿದ್ದ ಅಪ್ಪ ಗಡಿಗೆಪ್ಪನ ಮೀಸೆ ಅದುರಿತು. ಸೂಗಮ್ಮನಿಗೆ ಮಾತ್ರ ಕಣ್ಣು ತುಂಬಿ ಬಂತು. ಇಷ್ಟು ಜನರ ಮುಂದೆ... ನನ್ನ ಕೈ ಅಷ್ಟು ಹೊಲಸೇ?

"ಇಸ ಹಾಕಿ ತಂದಿಲ್ರಿ," ಎಂದಳು ಮೆಲ್ಲಗೆ.

ಅವನು ಅವಳನ್ನು ನೋಡಿದ. ನೋಡುತ್ತಲೇ ಕರವಸ್ತ್ರ ಪಕ್ಕಕ್ಕಿಟ್ಟ. ತಂಬಿಗೆ ಎತ್ತಿ ಗಟಗಟನೆ ಅಷ್ಟೂ ನೀರು ಕುಡಿದುಬಿಟ್ಟ!

ಆ ಕ್ಷಣ ಅವಳ ಮನಸ್ಸು ಅವನದಾಯಿತು. ಹೊರಡುವಾಗ ಅವನು, "ಹೇಳಿ ಕಳಸ್ತೀನ್ರಿ," ಎಂದು ಅವಳೊಬ್ಬಳಿಗೇ ಕೇಳುವಂತೆ ಹೇಳಿದ.

ಆದರೆ ಯಾವ ಮಾತೂ ಬರಲಿಲ್ಲ. ಮಳೆಗಾಲ ಹೋಯಿತು, ಚಳಿಗಾಲ ಬಂತು. ಖತೀಜಾ ಬೀ ಕೂಡ ಊರ ಕಡೆ ಸುಳಿಯಲಿಲ್ಲ.

ಸೂಗಮ್ಮ ದಿನಾ ಬಾವಿಗೆ ಹೋಗುತ್ತಿದ್ದಳು. ಈಗೀಗ ಅಲ್ಲಿ ನಿಲ್ಲಲು ಹೆದರಿಕೆ. ಗಾಳಿಯಿಲ್ಲದಿದ್ದರೂ ನೀರು ಒಂದು ಕಡೆಯಿಂದ ತಿರುಗಿದಂತೆ ಕಾಣುತ್ತಿತ್ತು. ಬಗ್ಗಿ ನೋಡಿದರೆ ತನ್ನ ನೆರಳಿನ ಹಿಂದೆ ಇನ್ನೊಂದು ನೆರಳು! ತಿರುಗಿದರೆ ಮೆಟ್ಟಿಲು ಖಾಲಿ. ಇಳೀಬ್ಯಾಡ್ರಿ... ಎಂಬ ದನಿ ಮಾತ್ರ ಗೋಡೆಯಿಂದ ಗೋಡೆಗೆ ಹೋಗುತ್ತಿತ್ತು.

ಮತ್ತೆ ಬೇಸಿಗೆ ಬಂತು. ಆ ವರ್ಷ 'ಅದು' ಗಡಿಗೆಪ್ಪನ ಹಿಮ್ಮಡಿಯಲ್ಲೇ ತಲೆ ಹಾಕಿತು. ಅವನೂ ಬಾವಿಯ ಸಾಲಿನಲ್ಲಿ ಬಾಯಿ ಮುಚ್ಚಿ ಕೂತ.

ದೇವದುರ್ಗದ ಸಂತೆಯಲ್ಲಿ ಖತೀಜಾ ಬೀ ಎದುರಾದಾಗ ಸೂಗಮ್ಮ ಮುಖ ತಿರುಗಿಸಿದಳು. ಮುದುಕಿ ಅವಳ ಕೈ ಹಿಡಿದಳು. "ಬೇಟಿ, ನನ್ನ ಮ್ಯಾಲ ಸಿಟ್ಟು ಮಾಡಬ್ಯಾಡ. ಆತ ಮರುದಿನನ ಹ್ಞೂಂ ಅಂದಿದ್ದ. ನಿಮ್ಮಪ್ಪ ನನ್ನ ಹೊಸ್ತಿಲ ದಾಟಾಕ ಬಿಡಲಿಲ್ಲ. ನಮ್ಮ ನೀರಿಗಿ ಸೋಸಾಕ ಅರಿವಿ ಹಿಡದವಗ ಹೆಣ್ಣು ಕೊಡಂಗಿಲ್ಲ ಅಂದ."

ತಿರುಗಿಸಿದ್ದ ಮುಖವನ್ನು ಸೂಗಮ್ಮ ಅವಳತ್ತ ಹೊರಳಿಸಿದಳು.

"ಈಗ... ಹೆಂಗ ಇದ್ದಾರ?"

"ಪಾದದಾಗ ಅದು ಹೊರಬಿದ್ದಾದ. ಯಾರೋ ಜಗ್ಗಿಬಿಟ್ರು. ಹರೀಲಿಲ್ಲ, ಪುಣ್ಯ. ಕಾಲು ಬಾತು ಜ್ವರ ಬಂದಾದ. ಡಾಕ್ಟರು ಜ್ವರಕ್ಕ ಗುಳಗಿ ಕೊಟ್ಟಾರ. ದಿನಾ ಎಳಿ ತಪ್ಪದಂಗ ಕಡ್ಡಿಗಿ ಸುತ್ತಬೇಕು, ಒಳಗ ಹರದ್ರ ಕಾಲು ಉಳಿಯೂದು ಕಷ್ಟ ಅಂದಾರ. ನನ್ನ ಕೈ ನಡಗತಾವ, ಬೇಟಿ."

ನಾನೇ... ನನ್ನ ಮಾತೇ ಕುಡಿಸಿದ್ದು!

ಅವಳು ಸಂತೆಯಿಂದ ನೇರವಾಗಿ ಊರ ಬಾವಿಗೆ ಬಂದು ಅಪ್ಪನ ಮುಂದೆ ನಿಂತಳು. ಅಲ್ಲಿ ಯಾರೂ ಎತ್ತದ ಹೆಸರನ್ನು ಗಟ್ಟಿಯಾಗಿ ಕೂಗಿದಳು.

"ನಾರುಹುಳ! ಯಪ್ಪಾ, ನಮ್ಮ ಕಾಲಿಂದ ಬಿದ್ದ ನಾರುಹುಳಾನ ಆತಗ ಕುಡಿಸೀವಿ. ಆತ ನಮ್ಮ ಮರ್ಯಾದಿ ಉಳಿಸಿದ. ನೀ ಆತನ ಮಾತು ನನಗ ಹೇಳಲಿಲ್ಲ!"

ಸಾಲಿನಲ್ಲಿದ್ದವರೆಲ್ಲ ಒಮ್ಮೆಲೇ ತಲೆಯೆತ್ತಿದರು. ಬಾವಿಯ ತಳದಿಂದ ಅವಳದೇ ದನಿ ಹಿಂತಿರುಗಿ ಬಂತು. ಗಡಿಗೆಪ್ಪ ಬಹಳ ಹೊತ್ತು ನೀರನ್ನೇ ನೋಡಿದ. ಆಮೇಲೆ ಹಲ್ಲು ಕಚ್ಚಿ, ಉರಿಯುವ ಕಾಲನ್ನು ನೀರಿನಿಂದ ಮೇಲೆತ್ತಿಕೊಂಡ.

"ಹೋಗು ಯವ್ವಾ," ಎಂದ. "ಖತೀಜಾ ಬೀ ಜೋಡಿ ಹೋಗು. ನನ್ನ ಕಾಲು ನಡದ ದಿನ ನಾನೂ ಬರ್ತೀನಿ."

ರಾಯಚೂರಿನ ಆ ಮುಂಗೋಣೆಯಲ್ಲಿ ಕಿಟಕಿ ಮುಚ್ಚಿತ್ತು. ಹಗಲಲ್ಲೂ ಕತ್ತಲೆ. ಹಾಸಿಗೆಯಲ್ಲಿದ್ದ ಗುರುಪಾದ ಎಷ್ಟು ಸೊರಗಿದ್ದನೆಂದರೆ ಸೂಗಮ್ಮ ಬಾಗಿಲಲ್ಲೇ ನಿಂತುಬಿಟ್ಟಳು.

"ಮತ್ತ ಬಂದಿರೇನು?" ಎಂದ ಅವನು, ಕಣ್ಣು ಅರ್ಧ ತೆರೆದು. "ಜ್ವರ ಏರಿದಾಗೆಲ್ಲ ಬರ್ತೀರಿ. ಮಾತಾಡಂಗಿಲ್ಲ. ಹೋಗಿಬಿಡ್ತೀರಿ..."

ಅವಳು ಹತ್ತಿರ ಹೋಗಿ ಅವನ ಹಣೆ ಮುಟ್ಟಿದಳು. "ಕನಸಲ್ರಿ. ನಾನು... ಸೂಗಮ್ಮ."

ಅವನು ಪೂರ್ತಿ ಕಣ್ಣು ತೆರೆದ. ಕಣ್ಣೀರು ಕಿವಿಯ ಕಡೆ ಇಳಿಯಿತು.

ಅವಳು ಬಿಸಿನೀರಿನಲ್ಲಿ ಕೈ ತೊಳೆದು ಅವನ ಕಾಲ ಬಳಿ ಕೂತಳು. ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಕೂದಲೆಳೆಯಷ್ಟು ತಿರುಗಿಸಿದಳು. ಬಿಳಿ ಎಳೆ ಜೀವವಿದ್ದಂತೆ ಬಿಗಿಯಿತು, ಸಡಿಲವಾಯಿತು. ಅವಳು ಉಸಿರು ಬಿಗಿಹಿಡಿದಿದ್ದಳು.

"ಕುಡಿಯುವಾಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ಯಾಕ ಕುಡದ್ರಿ?"

"ನಿಮ್ಮ ಕಣ್ಣಾಗ ನೀರಿತ್ತು. ನನಗ ಬ್ಯಾರೆ ಏನೂ ಕಾಣಲಿಲ್ಲ."

"ಇದು ಪ್ರೀತಿ ಅಲ್ರಿ, ಹುಚ್ಚುತನ!" ಎಂದು ಗದರಿದಳು. "ಜೀವ ಹೋಗಿದ್ರ ನಾ ಏನು ಮಾಡ್ಲಿ?"

ಅವನು ತನ್ನ ಕಾಲಿನ ಕಡೆ ನೋಡಿದ. "ಇದು ತಿಂಗಳುಗಟ್ಟಲೆ ಒಳಗ ನಡದಾಡ್ತಿತ್ತು. ಚರ್ಮದ ಕೆಳಗ... ಮೆಲ್ಲಕ. ಮೈ ನಡಗತಿತ್ತು. ಆದರ ನಿಮ್ಮೂರಿಂದ ಬಂದದ್ದು ಇದೊಂದ ನನ್ನ ಹತ್ರ ಇತ್ತು. ಅದಕ್ಕ ಪೂರ್ತಿ ಬೈಯಾಕೂ ಮನಸ್ಸಾಗಲಿಲ್ಲ."

ಅವಳಿಗೆ ಅಳುವೂ ಬಂತು, ನಗುವೂ ಬಂತು.

"ಎಷ್ಟು ದಿನ ಹಿಡೀತದ?" ಎಂದು ಅವನು ಕೇಳಿದ.

"ಹಿಡೀಲಿ. ನನಗೇನು ಅವಸರ ಇಲ್ಲ."

"ಪೂರ್ತಿ ಹೊರಗ ಬಂದ ಮ್ಯಾಲ ಹೋಗಿಬಿಡ್ತೀರೇನು?" ಎನ್ನುತ್ತ ಅವನು ಅವಳ ಮುಖ ನೋಡಲು ಎದ್ದು ಕೂರಲು ಹೋದ. "ಸೂಗಮ್ಮ... ನನ್ನ ಲಗ್ನ ಆಗ್ತೀರೇನು?"

"ಅಲ್ಲಾಡಬ್ಯಾಡ್ರಿ, ಹರದೀತು!" ಅವಳು ಎಡಗೈಯಿಂದ ಅವನ ಮೊಣಕಾಲು ಒತ್ತಿ ಹಿಡಿದಳು. ಕಣ್ಣು ಕಡ್ಡಿಯ ಮೇಲೇ ಇತ್ತು. ಕೆನ್ನೆ ಮಾತ್ರ ಕೆಂಪಾಯಿತು.

"ಹ್ಞೂಂ ಅಂದೀನಿ... ಸುಮ್ಮಕ ಮಲಗ್ರಿ."