ಹಾಲು ಬಣ್ಣದ ಕಯ

ಮುಂಡಪ್ಪನ ಕೈ ನನ್ನ ಕುತ್ತಿಗೆಯ ಮೇಲಿತ್ತು. ನನ್ನ ತಲೆ ನೇತ್ರಾವತಿಯ ಒಳಗಿತ್ತು.

ಒಂದು... ಎರಡು... ಮೂವತ್ತರವರೆಗೆ ಎಣಿಸಿದೆ. ಆಮೇಲೆ ಬಾಯಿ ತನ್ನಷ್ಟಕ್ಕೇ ತೆರೆಯಿತು. ನೀರಿಗೆ ಸೀಮೆಎಣ್ಣೆಯಂಥ ವಾಸನೆ.

ಅವನು ಮೇಲೆತ್ತಿದ.

ಬಂಡೆಯ ಮೇಲೆ ಭೋಜ ಕೂತಿದ್ದ. ಮೀನಿನ ಕಂಟ್ರಾಕ್ಟರ್, ಮುಂಡಪ್ಪನ ಧನಿ. ಮೂಡುಬಿದಿರೆ, ಬೆಳ್ತಂಗಡಿಯ ಸಂತೆಗಳಿಗೆ ಅವನ ಲಾರಿಯಲ್ಲೇ ಮೀನು ಹೋಗುತ್ತಿತ್ತು.

"ಬಾಟ್ಲಿ ಎಷ್ಟುಂಟು, ರುಕ್ಮಯ್ಯ?"

"ನಾಲ್ಕು."

"ಕೊಡು ಮಾರಾಯ. ಗಲಾಟೆ ಬೇಡ."

ನಾನು ಮೊದಲು ಪೊಲೀಸ್. ಆ ಕೆಲಸ ಹೋದ ಮೇಲೆ ಮಂಗಳೂರಿನಲ್ಲಿ, ಸಮುದ್ರ ಪರೀಕ್ಷೆ ಮಾಡುವ ಒಂದು ಆಫೀಸಿಗೆ ನೀರು ಹಿಡಿದು ಕೊಡುವವನಾದೆ. ಪ್ರತಿ ಸೋಮವಾರ, ನದಿ ಕಡಲಿಗೆ ಸೇರುವ ಅಳಿವೆಯಲ್ಲಿ ನೀರಿನ ಉಪ್ಪು, ಬಿಸಿ, ಭರತ ಇಳಿತ ಎಲ್ಲ ಅಳೆಯಬೇಕು. ಸಣ್ಣ ಕಣ್ಣಿನ ಬಲೆ ಎಳೆದು ಸಿಗಡಿ ಮರಿ ಎಷ್ಟು, ಮೀನಿನ ಮರಿ ಎಷ್ಟು ಎಂದು ಬರೆಯಬೇಕು. ಮರಿಗಳಿದ್ದರೆ ಕಡಲು ಚೆನ್ನಾಗಿದೆ ಎಂದರ್ಥ. ಹಾಗೆಂದು ನಮ್ಮ ಆಫೀಸರ್ ಪ್ರಫುಲ್ಲಾ ಹೇಳುತ್ತಿದ್ದರು.

ಅರವತ್ತನಾಲ್ಕರ ಏಪ್ರಿಲ್. ಮೂರು ಸೋಮವಾರ ಬಲೆ ಖಾಲಿ ಬಂತು. ಉಪ್ಪು ಸರಿಯಿತ್ತು. ಬಿಸಿಯೂ ಸರಿಯಿತ್ತು.

"ಇದು ಕಡಲಿನ ತೊಂದರೆ ಅಲ್ಲ," ಎಂದರು ಪ್ರಫುಲ್ಲಾ. "ಮೇಲಿಂದ ಏನೋ ಬರ್ತಾ ಉಂಟು. ನದಿ ಹಿಡಿದು ಮೇಲೆ ಹೋಗಿ ನೋಡಿ."

ಹೋದೆ. ಬಂಟ್ವಾಳ ದಾಟಿ ನದಿ ಆಳವಾಗಿ ಮಡುಗಟ್ಟುವಲ್ಲಿ ಒಂದು ಕಯ. ಅದರ ನೀರು ಹಾಲಿನ ಬಣ್ಣಕ್ಕೆ ತಿರುಗಿತ್ತು. ಬಂಡೆಯ ಸಂದಿಯಲ್ಲಿ ಎಂಡ್ರಿನ್ ಡಬ್ಬಗಳು. ಗದ್ದೆಯ ಹುಳಕ್ಕೆ ಹೊಡೆಯುವ ವಿಷ. ಸುರಿದರೆ ಮೀನು ತಾನಾಗಿ ತೇಲುತ್ತದೆ. ಬಾಟ್ಲಿ ತುಂಬಿಸಿ ಮುಗಿಯುವಾಗ ಸಿಕ್ಕಿಬಿದ್ದೆ.

ಭೋಜ ಬಾಟ್ಲಿಗಳನ್ನು ಬಂಡೆಗೆ ಹೊಡೆದ. ಒಂದೊಂದಾಗಿ... ನಿಧಾನಕ್ಕೆ.

"ಈಗ ಬರೆದು ಕೊಡು. ನೀರು ಒಳ್ಳೆದುಂಟು ಅಂತ."

"ಒಳ್ಳೆದಾದ್ರೆ ನಿನ್ನ ಆಳು ಯಾಕೆ ನಡುಗ್ತಾನೆ?"

ನನ್ನ ಕುತ್ತಿಗೆಯ ಮೇಲಿದ್ದ ಕೈ ಅದುರುತ್ತಿತ್ತು. ಎರಡು ತಿಂಗಳು ಸೊಂಟ ಮುಳುಗುವ ನೀರಿನಲ್ಲಿ ನಿಂತು ಮೀನು ಹೆಕ್ಕಿದವನು ಮುಂಡಪ್ಪ.

"ಧನಿ... ಕಣ್ಣು ಕತ್ತಲೆ ಬರ್ತದೆ," ಎಂದ.

ಬಿದ್ದ. ಹಲ್ಲು ಕಚ್ಚಿಕೊಂಡಿತು. ಮೈ ಸೆಟೆದು ಬಿಲ್ಲಿನಂತೆ ಬಾಗಿತು.

ಓಡಲು ನನಗೆ ದಾರಿಯಿತ್ತು. ಭೋಜನಿಗೂ ಇತ್ತು.

ಅವನು ಓಡಿದ.

"ಇವನನ್ನು ಲಾರಿಗೆ ಹಾಕುವ, ನಿಲ್ಲು!" ಎಂದು ಕೂಗಿದೆ.

ಲಾರಿ ನಿಲ್ಲಲಿಲ್ಲ.

ನನ್ನನ್ನು ಮುಳುಗಿಸಿದವನನ್ನು ನಾನೇ ಹೆಗಲಿಗೆ ಹಾಕಿಕೊಂಡೆ. ಪ್ರಫುಲ್ಲಾ ಜೀಪಿನಲ್ಲಿ ಕಾಯುತ್ತಿದ್ದದ್ದು ಪಾಣೆಮಂಗಳೂರು ಸೇತುವೆಯ ಹತ್ತಿರ. ಎರಡು ಮೈಲಿ. ನಡು ಮಧ್ಯಾಹ್ನದ ಬಿಸಿಲು. ದಾರಿಯಲ್ಲಿ ಮೂರು ಸಲ ವಾಂತಿ ಮಾಡಿದೆ.

"ಅಣ್ಣ... ವಿಷ ಅಂತ ಗೊತ್ತಿರ್ಲಿಲ್ಲ. ಮೀನಿಗೆ ಅಮಲು ಬರುವ ಮದ್ದು ಅಂತ ಹೇಳಿದ್ರು."

"ಮಾತಾಡ್ಬೇಡ."

"ಮನೆಯಲ್ಲಿ ಹೆಂಡತಿ ಕಾಂತಿ ಒಬ್ಬಳೇ. ಬೆಳಿಗ್ಗೆ ಮೀನು ಕೊಟ್ಟು ಬಂದಿದ್ದೇನೆ. ತಿನ್ಬೇಡ ಅಂತ ಹೇಳಿ."

ಸೇತುವೆ ಕಾಣುವಾಗ ಹೆಗಲ ಮೇಲಿನ ಭಾರ ಬದಲಾಯಿತು. ಹೊತ್ತವರಿಗೆ ಅದು ಗೊತ್ತಾಗುತ್ತದೆ.

ಪ್ರಫುಲ್ಲಾ ಅವನ ಮೂಗಿನ ಹತ್ತಿರ ಬೆರಳು ಹಿಡಿದರು. ಉಸಿರಿರಲಿಲ್ಲ. ಆಮೇಲೆ ಕೇಳಿದರು, "ಬಾಟ್ಲಿ?"

"ಒಡೆದು ಹಾಕಿದ."

"ಅಂಗಿ ಬಿಚ್ಚಿ."

ಪೊಲೀಸರನ್ನು ಕರೆಸಿದರು. ಅವರ ಎದುರೇ, ಕಯದಲ್ಲಿ ನೆನೆದಿದ್ದ ನನ್ನ ಅಂಗಿಯನ್ನು ಶುದ್ಧ ನೀರಿನಲ್ಲಿ ಅದ್ದಿ ಹಿಂಡಿದರು. ಜೀಪಿನಲ್ಲಿ, ನೀರು ಪರೀಕ್ಷಿಸಲೆಂದು ಬೇರೆ ಅಳಿವೆಯಿಂದ ತಂದ ಜೀವಂತ ಸಿಗಡಿ ಮರಿಗಳ ಎರಡು ಜಾಡಿಗಳಿದ್ದವು. ಆ ನೀರನ್ನು ಒಂದಕ್ಕೆ ಸುರಿದರು. ಕಾಲು ಗಂಟೆಯಾದ ಮೇಲೆ ಅದರೊಳಗೆ ಏನೂ ಅಲುಗಲಿಲ್ಲ. ಇನ್ನೊಂದರಲ್ಲಿ ಮರಿಗಳು ಈಜುತ್ತಲೇ ಇದ್ದವು.

ಕಾಂತಿಯ ಮನೆಗೆ ನಾನೇ ಹೋದೆ. ಮೀನು ಒಲೆಯ ಮೇಲಿತ್ತು. ಮೊದಲು ಪಾತ್ರೆ ಇಳಿಸಿದೆ. ಆಮೇಲೆ ಉಳಿದದ್ದನ್ನು ಹೇಳಿದೆ.

ಭೋಜ ಮರುದಿನ ಮೂಡುಬಿದಿರೆ ಸಂತೆಯಲ್ಲಿ ಸಿಕ್ಕಿದ. ಎರಡು ವರ್ಷ ಜೈಲಾಯಿತು. ಅಳಿವೆಗೆ ಮರಿಗಳು ಮರಳಲು ಅದಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ನನ್ನನ್ನು ಮುಳುಗಿಸಿದ್ದನ್ನು ಭೋಜ ಕೋರ್ಟಿನಲ್ಲಿ ಒಪ್ಪಲಿಲ್ಲ. ಅವನ ವಕೀಲರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ವಿಷ ಉಂಟು ಅಂತ ಗೊತ್ತಿದ್ದೂ ಆ ನೀರನ್ನು ನೀವು ಯಾಕೆ ಕುಡಿದದ್ದು?"

"ಬಾಯಾರಿತ್ತು ಸ್ವಾಮಿ," ಎಂದೆ.