ಸರಳಿಗೆ ಕಟ್ಟಿದ ತಗಡು

“ಬ್ಯಾರೆ ಏನ್ ಬೇಕಾದ್ರೂ ಬಿಚ್ಚು ಮೇಸ್ತ್ರಿ. ಆ ಕರೀ ದಾರ ಸುತ್ತಿರೋ ಸರಳ್ನ ಮಾತ್ರ ಮುಟ್ಬ್ಯಾಡ. ಅದು ಓಬಳಮ್ಮ ಕಟ್ಸಿರೋದು.”

ಕಮ್ಮಾರ ದೊಡ್ಡರಂಗಪ್ಪನ ಮಾತಿಗೆ ಸಂಜೀವಯ್ಯ ಜೀಪಿನ ಅಡಿಯಿಂದಲೇ ನಕ್ಕ. “ದಾರಕ್ಕೆ ಹೆದರಿ ಕೂತರೆ ಗಾಡಿ ಓಡೋದು ಹೇಗೆ ರಂಗಪ್ಪನವರೇ?”

ಸಂಜೀವಯ್ಯ ಬೆಂಗಳೂರಿನವನು. ಯುದ್ಧದ ಕಾಲದಲ್ಲಿ ದಂಡಿನವರ ಒಂದು ರಿಪೇರಿ ಶೆಡ್ಡಿನಲ್ಲಿ ದುಡಿದು, ಯುದ್ಧ ಮುಗಿದ ಮೇಲೆ ಕೆಲಸ ಕಳೆದುಕೊಂಡಿದ್ದ. ಶಿರಾದ ಕಂಬಳಿ ವ್ಯಾಪಾರಿ ವೃಷಭೇಂದ್ರಪ್ಪ ಹರಾಜಿನಲ್ಲಿ ಕೊಂಡ ದಂಡಿನ ಜೀಪನ್ನು ಸರಿಮಾಡಿಕೊಡಲು ಎರಡು ದಿನದ ಹಿಂದೆ ಬಂದಿದ್ದ. ಗಾಡಿಯ ಮೈ ನೆಟ್ಟಗೇ ಇತ್ತು. ಏಟು ಬಿದ್ದದ್ದೆಲ್ಲ ಅಡಿಗೆ. ಕಮಾನು ಪಟ್ಟಿಗಳು ಮುರಿದು, ಅಚ್ಚು ಬಾಗಿ, ಚಾಸಿಗೆ ಕೆರೆಯ ಕೆಸರು ಇಟ್ಟಿಗೆಯಂತೆ ಮೆತ್ತಿಕೊಂಡಿತ್ತು.

“ಏನು ಕತೆ ಅದು?” ಎಂದ, ತುಕ್ಕು ಕೆರೆಯುತ್ತಲೇ.

ದೊಡ್ಡರಂಗಪ್ಪ ದನಿ ತಗ್ಗಿಸಿದ. “ಹೋದ್ವರ್ಸ ಕಳ್ಳಂಬೆಳ್ಳದ ಕೆರೆ ಏರಿ ಮ್ಯಾಲೆ ಈ ಗಾಡಿ ಓಬಳಮ್ಮನ ಗಂಡನ ಮ್ಯಾಲೆ ಹರೀತು, ಆಯಪ್ಪ ಅಲ್ಲೇ ಸತ್ತ. ಡ್ರೈವರು ಅಳ್ತಾ ಹೇಳ್ದ, ಎಷ್ಟ್ ತಿರುಗಿಸಿದ್ರೂ ಗಾಲಿ ತಿರುಗ್ಲಿಲ್ಲ, ಬೆಸುಗೆ ಬಿಟ್ಟು ಗಾಲಿ ತಿರುಗ್ಸೋ ಸರಳು ಮುರ್ದೋಗಿತ್ತು ಅಂತ. ಗಾಡಿ ತಿಂಗಳುಗಟ್ಲೆ ಏರಿ ಕೆಳಗೇ ಬಿದ್ದಿತ್ತು. ಆವಾಗ ಆಯಮ್ಮ ಪಾವಗಡದ ಕಡೆಯಿಂದ ಮಂತ್ರವಾದೀನ ಕರೆಸಿ ಕಟ್ಸಿದ್ಲು. ಈ ಕಬ್ಬಿಣ ಕೆಡಿಸ್ದ ಕೈ ಮುಚ್ಕಂಡು ಇನ್ ತೆರೀಬಾರ್ದು ಅಂತ.”

ಕೆರೆಯುತ್ತಿದ್ದ ಕೈ ನಿಂತಿತು.

“ನಿನ್ ಕೈ ಸುದ್ದವಾಗಿದ್ರೆ ನಿಂಗೇನೂ ಆಗಾಕಿಲ್ಲ. ಆದ್ರೂ ಯಾಕೆ ಬೇಕು? ಬುಟ್ಬುಡು,” ಎಂದು ಮುದುಕ ಇದ್ದಿಲು ತರಲು ಹೋದ.

ಸಂಜೀವಯ್ಯ ಅಲ್ಲೇ ಮಲಗಿದ್ದ. ದಂಡಿನ ಶೆಡ್ಡಿನಲ್ಲಿ ಅವನಂತೆ ಬೆಸುಗೆ ಹಾಕುವವರು ಇಪ್ಪತ್ತು ಜನ ಇದ್ದರು, ಸಾವಿರ ಜೀಪು ಬಂದು ಹೋಗಿದ್ದವು. ಇದು ಯಾರದೋ. ಹಾಗೆಂದು ತನಗೆ ತಾನೇ ಹೇಳಿಕೊಂಡ. ಆದರೆ ನೋಡದೆ ಇರಲಾರದೆ ಹೋದ. ಚಾಕು ತೆಗೆದು ದಾರ ಕೊಯ್ದ.

ಸುಟ್ಟ ಕೂದಲಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಹಿಂದೆಯೇ ಕೊಳೆತ ನಿಂಬೆಹಣ್ಣಿನ ಹುಳಿ. ದಾರದೊಳಗೆ ಸುತ್ತಿಟ್ಟಿದ್ದ ಮಂತ್ರದ ತಾಮ್ರದ ತಗಡು ಕಳಚಿ ಎದೆಯ ಮೇಲೆ ಬಿತ್ತು. ಅದರಡಿಯಲ್ಲಿ ಎರಡು ತುಂಡಾದ ಸರಳು, ಒಡೆದ ಬೆಸುಗೆ. ಬೆಸುಗೆಯ ಕೊನೆಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ.

ಹಾಗೆ ಸುರುಳಿ ಸುತ್ತಿ ಬೆಸುಗೆ ಮುಗಿಸುವವನು ಆ ಶೆಡ್ಡಿನಲ್ಲಿ ಒಬ್ಬನೇ ಇದ್ದ. ಅದು ಅವನ ಹೆಮ್ಮೆಯಾಗಿತ್ತು. ಬಿರುಕು ಬಿಟ್ಟ ಸರಳುಗಳಿಗೆ ಅವನು ಬೆಸುಗೆ ಹಾಕಿ, ಮೇಲೆ ಹಸಿರು ಬಣ್ಣ ಬಳಿದು, ‘ಸರಿಯಿದೆ’ ಎಂದು ಸೀಮೆಸುಣ್ಣದಲ್ಲಿ ಗೀಚುತ್ತಿದ್ದ.

ಸರಳು ಮುಟ್ಟಿದ್ದ ಕೈ ಹಿಂದೆಗೆಯಲು ಹೋದ. ಬರಲಿಲ್ಲ. ಬಲಗೈಯ ಬೆರಳುಗಳು ಸರಳನ್ನು ತಾವಾಗಿಯೇ ಬಿಗಿಯುತ್ತಿದ್ದವು. ಹೊರಗೆ ಮಟಮಟ ಮಧ್ಯಾಹ್ನ. ಅಡಿಯಲ್ಲಿ ಮಾತ್ರ ಬೆಳಕು ಆರುತ್ತ ಬಂತು. ಚಕ್ರಗಳ ನಡುವಿನ ಬಿಸಿಲಿನ ಗೆರೆ ಸಣ್ಣದಾಯಿತು, ಇಲ್ಲವಾಯಿತು. ಆ ಕತ್ತಲಲ್ಲಿ ಯಾರೋ ಉಸಿರಾಡುತ್ತಿದ್ದರು. ಅವನ ಪಕ್ಕದಲ್ಲೇ. ಮುಂದಿನ ಗಾಲಿಯಡಿಯಲ್ಲಿ. ಎದೆ ಒಡೆದವನ, ನೀರು ತುಂಬಿದ ಉಸಿರು.

“ತಿರುಗ್ಲಿಲ್ಲ...” ಎಂದಿತು ಅದು. “ಯಾಕಪ್ಪಾ... ತಿರುಗ್ಲಿಲ್ಲ?”

ಗಾಡಿಯನ್ನು ಎತ್ತಿ ನಿಲ್ಲಿಸಿದ್ದ ಜಾಕಿ ಕಿರ್ರೆಂದಿತು. ಗಾಡಿ ಒಂದು ಬೆರಳು ಇಳಿಯಿತು. ಮತ್ತೊಂದು ಬೆರಳು. ಚಾಸಿ ಎದೆಗೆ ತಾಗಿತು. ಕಿರುಚಿದ. ದನಿಯಿಲ್ಲ. ಬಾಯ್ತುಂಬ ತುಕ್ಕು. ಪಕ್ಕೆಲುಬು ಲಟಕ್ಕೆಂದಿತು. ಒದ್ದ. ಎಳೆದ. ಬೆರಳು ಬಿಡಲಿಲ್ಲ.

“ನಾನೇ!” ಕೊನೆಗೂ ದನಿ ಹೊರಟಿತು. “ಆ ಬೆಸುಗೆ ನಂದೇ! ಬಿರುಕು ನೋಡಿದ್ದೆ! ನೋಡಿಯೂ ಬಣ್ಣ ಬಳಿದೆ!”

ಜಾಕಿ ನಿಂತಿತು. ಸರಳು ಕೈಯಿಂದ ಜಾರಿತು. ದೊಡ್ಡರಂಗಪ್ಪ ಓಡಿಬಂದು ಕಾಲು ಹಿಡಿದು ಅವನನ್ನು ಹೊರಗೆಳೆದ. ಬಿಸಿಲು ಮುಖಕ್ಕೆ ಬಿತ್ತು. ಬಲಗೈ ಮುಷ್ಟಿ ಕಟ್ಟಿಯೇ ಇತ್ತು. ಒಳಗೆ ಏನೂ ಇರಲಿಲ್ಲ. ಎಣ್ಣೆ ಹಚ್ಚಿದರು, ಬಿಸಿನೀರು ಹುಯ್ದರು. ವೃಷಭೇಂದ್ರಪ್ಪ ಕರೆತಂದ ಡಾಕ್ಟರು ಪಕ್ಕೆಲುಬಿಗೆ ಪಟ್ಟಿ ಸುತ್ತಿ, ಕೈಯ ಮೂಳೆ ಸರಿಯಾಗಿದೆ ಎಂದು ಹೇಳಿ ಹೋದರು. ಉಗುರುಗಳು ಅಂಗೈಗೆ ಇಳಿಯುತ್ತಲೇ ಇದ್ದವು.

ಮೂರನೆಯ ದಿನ ಬೆಳಿಗ್ಗೆ ಸಂಜೀವಯ್ಯ ಕಳ್ಳಂಬೆಳ್ಳಕ್ಕೆ ಹೋದ. ಓಬಳಮ್ಮ ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಅವನು ಅಂಗಳದಲ್ಲೇ ನಿಂತ.

“ಆ ಸರಳಿಗೆ ಬೆಸುಗೆ ಹಾಕಿದವನು ನಾನಮ್ಮ.”

ಅವಳು ಕಲ್ಲು ಕೆಳಗಿಟ್ಟಳು. ಮುಷ್ಟಿಯನ್ನು ಬಹಳ ಹೊತ್ತು ನೋಡಿದಳು. “ಯಾಕಂಗೆ ಮಾಡ್ದೆ?”

“ಹೊಸ ಸರಳು ಬಂದಿರಲಿಲ್ಲ. ಸಾಹೇಬರಿಗೆ ಅವತ್ತೇ ಗಾಡಿ ಬೇಕಿತ್ತು. ಆಗಲ್ಲ ಅನ್ನೋಕೆ ಹೆದರಿದೆ.”

“ನೀನು ಸಿಕ್ರೆ ಮಕಕ್ಕೆ ಉಗೀಬೇಕು ಅಂತಿದ್ದೆ,” ಎಂದಳು. “ಈಗ ಉಗುಳೂ ಬರ್ತಿಲ್ಲ.”

“ಕಟ್ಟು ಬಿಚ್ಚಿಸಮ್ಮ. ನಾನು ದುಡಿದು ತಿನ್ನೋ ಕೈ ಇದು.”

“ಕಟ್ಟಿದೋನು ಸತ್ತು ಆರು ತಿಂಗಳಾಯ್ತು. ಅವನು ಬದುಕಿದ್ರೂ ನಾನು ಬಿಚ್ಚು ಅಂತ ಹೇಳ್ತಿದ್ನೋ ಇಲ್ವೋ, ನಂಗೇ ಗೊತ್ತಿಲ್ಲ ಕಣಪ್ಪ.” ಅವಳು ಕಲ್ಲು ಎತ್ತಿಕೊಳ್ಳಲು ಹೋಗಿ, ತಡೆದು, ತಲೆಯೆತ್ತಿದಳು. “ಇಂಥ ಇನ್ನೆಷ್ಟ್ ಸರಳಿಗೆ ಬೆಸುಗೆ ಹಾಕಿದೀಯ?”

ಸಂಜೀವಯ್ಯನ ಕಣ್ಣ ಮುಂದೆ ಹಸಿರು ಬಣ್ಣದ ಗಾಡಿಗಳು ಸಾಲುಸಾಲಾಗಿ ಶೆಡ್ಡಿನ ಬಾಗಿಲು ದಾಟಿ ಹೋದವು. ಯಾವ ಊರಿಗೆ ಹೋದವೋ, ಯಾವ ಏರಿ ಹತ್ತಿದವೋ.

“ಬಹಳ, ಅಮ್ಮ.”

“ಅಂಗಾರೆ ನನ್ನಂತೋರು, ನನ್ನಂಗೆ ಕಟ್ಸಿರೋರು, ಇನ್ನೂ ಅವ್ರೆ,” ಎಂದಳು ಓಬಳಮ್ಮ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ.

ಅವನು ಏನೋ ಹೇಳಹೊರಟ. ಎಡಗೈಯ ಕಿರುಬೆರಳು ಮೆಲ್ಲಗೆ ಒಳಕ್ಕೆ ಮಡಿಚಿಕೊಂಡಿತು. ತೊಡೆಗೆ ಒತ್ತಿ ನೆಟ್ಟಗೆ ಮಾಡಲು ನೋಡಿದ. ಆಗಲಿಲ್ಲ. ಅದರ ಪಕ್ಕದ ಬೆರಳೂ ಮಡಿಚತೊಡಗಿತು.