ದೊಲೊನ್ ಘಟ್ಟದ ಮೂರನೇ ಗೇರು

ದೊಲೊನ್ ಘಟ್ಟದ ಕಮರಿಯಲ್ಲಿ ಹೆಣವಾಗಿ ಸಿಕ್ಕಾಗ ವ್ಯಾನ್ ಚಾಲಕ ಕುಬಾನನ ಬಲಗೈ ಇನ್ನೂ ಗೇರಿನ ಹಿಡಿಯನ್ನು ಬಿಟ್ಟಿರಲಿಲ್ಲ. ಚಳಿಗೆ ಸೆಟೆದ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಗೇರು ಮೂರನೆಯದರಲ್ಲಿತ್ತು. ಆ ಇಳಿಜಾರಿನಲ್ಲಿ ಎರಡಕ್ಕೆ ಇಳಿಸದೆ ಯಾರೂ ಹೋಗುವುದಿಲ್ಲ. ಬರೀ ಬ್ರೇಕನ್ನು ನಂಬಿದವನು ನಾಲ್ಕು ತಿರುವು ದಾಟುವುದಿಲ್ಲ.

ಅವನ ವ್ಯಾನಿನ ಗೇರ್‌ಬಾಕ್ಸಿಗೆ ಹಿಂದಿನ ದಿನವಷ್ಟೇ ಕೊಚ್ಕೋರಿನ ಮೆಕ್ಯಾನಿಕ್ ಜೆನಿಶ್ ಎಣ್ಣೆ ಬದಲಿಸಿದ್ದ. ಹಳೆಯದನ್ನು ಇಳಿಸಿದವನು ಹೊಸದನ್ನು ಹಾಕಲು ಮರೆತಿದ್ದಾನೆ, ಅದಕ್ಕೇ ಗೇರು ಕಚ್ಚಿಕೊಂಡಿದೆ ಎಂದು ಪೊಲೀಸ್ ಮೇಜರ್ ತೀರ್ಮಾನಿಸಿದ. ಎರಡು ದಿನದಲ್ಲಿ ಬಂದು ಜೆನಿಶನನ್ನು ಕರೆದೊಯ್ಯುವುದಾಗಿ ಹೇಳಿ ಹೋದ. ಈ ಬಗೆಯ ಸಾವಿಗೆ ಐದು ವರ್ಷಕ್ಕೆ ಕಡಿಮೆ ಜೈಲಿಲ್ಲ.

ಜೆನಿಶನ ತಂಗಿ ಬುರುಲ್ ಅದೇ ಗ್ಯಾರೇಜಿನಲ್ಲಿ ಬಿಡಿಭಾಗ ಮಾರುತ್ತಿದ್ದಳು. ಅವಳು ನೇರವಾಗಿ ಮೇಲಿನ ಕೋಣೆಗೆ ಓಡಿದಳು. ಅಲ್ಲಿ ಬಾಡಿಗೆಗಿದ್ದ ಉಮ್ಸುನಾಯ್ ಮೂವತ್ತು ವರ್ಷ ರಸ್ತೆ ಅಪಘಾತಗಳ ತನಿಖೆ ಮಾಡಿ ನಿವೃತ್ತಳಾದವಳು. ಕಳೆದುಹೋದ ಕುದುರೆಯಿಂದ ಹಿಡಿದು ಕದ್ದ ಟೈರಿನವರೆಗೆ ಊರಿನವರು ತಾಯಿಗೆ ಹೇಳುವಂತೆ 'ಅಪಾ' ಎನ್ನುತ್ತ ಆಕೆಯ ಮೆಟ್ಟಿಲನ್ನೇ ಹತ್ತುತ್ತಿದ್ದರು. ಮಂಡಿನೋವಿನ ಆಕೆಯ ಜೊತೆ ನಾಲ್ಕು ವರ್ಷ ಸುತ್ತಿದ್ದ ಬುರುಲ್, ಕೇಳಿಸಿಕೊಳ್ಳುವುದನ್ನೂ ಬಾಯಿ ಮುಚ್ಚಿಕೊಂಡಿರುವುದನ್ನೂ ಕಲಿತಿದ್ದಳು.

"ಅಪಾ, ನಮ್ಮಣ್ಣ ಎಣ್ಣೆ ಮರೆಯೋನಲ್ಲ."

"ಎಲ್ಲ ತಂಗಿಯರೂ ಹಾಗೇ ಹೇಳ್ತಾರೆ. ನನ್ನ ಕೋಟು ಕೊಡು, ಗಾಡಿ ಏನು ಹೇಳುತ್ತೆ ನೋಡೋಣ."

ಠಾಣೆಯ ಅಂಗಳದಲ್ಲಿ ಉಮ್ಸುನಾಯ್ ಹಿಮದ ಮೇಲೆ ಮಲಗಿ ಜಜ್ಜಿಹೋದ ವ್ಯಾನಿನ ಅಡಿಗೆ ಟಾರ್ಚು ಬಿಟ್ಟಳು. ಎಣ್ಣೆ ಬದಲಿಸಿದ ಮೇಲೆ ಬೋಲ್ಟಿನ ತಲೆಯಿಂದ ಬಾಕ್ಸಿನವರೆಗೆ ಹಳದಿ ಬಣ್ಣದ ಗೆರೆ ಎಳೆಯುವುದು ಜೆನಿಶನ ಪದ್ಧತಿ; ಆಮೇಲೆ ಯಾರು ಬಿಚ್ಚಿದರೂ ಗೆರೆ ಮತ್ತೆ ಕೂಡುವುದಿಲ್ಲ. ಎಣ್ಣೆ ಇಳಿಸುವ ಕೆಳಗಿನ ಬೋಲ್ಟಿನ ಗೆರೆ ನೆಟ್ಟಗಿತ್ತು. ಎಣ್ಣೆ ತುಂಬುವ ಪಕ್ಕದ ಬೋಲ್ಟಿನ ಗೆರೆ ಮಾತ್ರ ಮುರಿದಿತ್ತು. ಆಕೆ ಬುರುಲ್‌ಗೂ ಅದನ್ನು ತೋರಿಸಿದಳು.

ಮಧ್ಯಾಹ್ನ ಇಬ್ಬರೂ ಘಟ್ಟದ ನೆತ್ತಿಯ ಚಹಾದಂಗಡಿಗೆ ಹೋದರು. ವ್ಯಾನು ಹತ್ತಿ ಬಂದಾಗ ಗೇರ್‌ಬಾಕ್ಸಿನಿಂದ ಒಂದು ಕಿರ್ರೆಂಬ ಸದ್ದೂ ಇರಲಿಲ್ಲ ಎಂದು ಅಂಗಡಿಯವಳು ಆಣೆ ಮಾಡಿ ಹೇಳಿದಳು. ಕುಬಾನ್ ಎಂದಿನಂತೆ ಎಂಜಿನ್ ನಿಲ್ಲಿಸಿ ಒಂದೂವರೆ ಗಂಟೆ ಕೂತು ಉಂಡಿದ್ದ. ಹೊರಗೆ ಮೈನಸ್ ಇಪ್ಪತ್ತೈದು ಡಿಗ್ರಿ ಚಳಿ.

ಬುರುಲ್‌ಳ ಅನುಮಾನವೆಲ್ಲ ಶೇರ್ಗಾಜಿಯ ಮೇಲೆ. ಪ್ರಯಾಣಿಕರ ಸರದಿಗಾಗಿ ಕುಬಾನನ ಜೊತೆ ದಿನವೂ ಜಗಳವಾಡುತ್ತಿದ್ದ ವ್ಯಾನಿನವನು ಅವನು. ಎಣ್ಣೆ ಬದಲಿಸಿದ ಸಂಜೆ ಗ್ಯಾರೇಜಿನ ಅಂಗಳಕ್ಕೇ ಬಂದು ಕೂಗಾಡಿದ್ದ. ಅದನ್ನು ಕೇಳಿ ಉಮ್ಸುನಾಯ್ ಶೇರ್ಗಾಜಿಯನ್ನು ವಿಚಾರಿಸುವ ಬದಲು, ಅಪಘಾತದ ದಿನ ಅವನ ವ್ಯಾನಿನಲ್ಲಿ ಘಟ್ಟ ದಾಟಿದ್ದವರನ್ನು ಹುಡುಕಿದಳು. ಕಂಕುಳಲ್ಲಿ ಕೂಸಿದ್ದ ಒಬ್ಬ ಹೆಂಗಸು ಸಿಕ್ಕಳು. ಮೊದಲು ನಿಂತಿದ್ದ ಕುಬಾನನ ವ್ಯಾನಿಗೇ ತಾನು ಹತ್ತಹೋಗಿದ್ದಾಗಿ, ಅಂಗಳದಲ್ಲಿದ್ದ ಒಬ್ಬ ಮುದುಕ ಜಾಗವಿಲ್ಲವೆಂದು ತನ್ನನ್ನೂ ಚೀಲವನ್ನೂ ಇಳಿಸಿದ್ದಾಗಿ ಹೇಳಿದಳು. ಆದರೆ ಕುಬಾನ್ ಸತ್ತಾಗ ವ್ಯಾನಿನಲ್ಲಿ ಅವನೊಬ್ಬನೇ ಇದ್ದ.

ಮೂರನೇ ಬೆಳಗ್ಗೆ ಉಮ್ಸುನಾಯ್ ಎಲ್ಲರನ್ನೂ ಗ್ಯಾರೇಜಿನಲ್ಲಿ ಸೇರಿಸಿದಳು. ಮೇಜರ್, ಜೆನಿಶ್, ಶೇರ್ಗಾಜಿ ಮತ್ತು ಅಬ್ದಿಶ್. ಅಬ್ದಿಶ್ ಅಂಗಳದ ಮೂಲೆಯಲ್ಲಿ ಟೈರು ಕೆಲಸ ಮಾಡಿಕೊಂಡು, ವ್ಯಾನುಗಳಿಗೆ ಪ್ರಯಾಣಿಕರನ್ನು ಕೂಗಿ ಕರೆಯುತ್ತಿದ್ದ ಮುದುಕ. ಬಿಚ್ಚಿ ತಂದ ಗೇರ್‌ಬಾಕ್ಸು ಮೇಜಿನ ಮೇಲಿತ್ತು. ಕೆಳಗಿನ ಬೋಲ್ಟು ತೆಗೆದರೂ ಒಂದು ಹನಿ ಬೀಳಲಿಲ್ಲ.

"ನೋಡಿದ್ರಾ, ಖಾಲಿ," ಎಂದ ಮೇಜರ್.

ಉಮ್ಸುನಾಯ್ ತಂತಿ ಹಾಕಿ ಎಳೆದಳು. ಮಾಸಲು ಬಿಳಿಯ ಮುದ್ದೆ ಬಂತು. ಅದನ್ನು ಒಲೆಯ ತಗಡಿನ ಮೇಲಿಟ್ಟ ಕೂಡಲೇ ಕುರಿಮಾಂಸದ ವಾಸನೆ ಇಡೀ ಗ್ಯಾರೇಜು ತುಂಬಿತು.

"ಕುರಿಬಾಲದ ಕೊಬ್ಬು. ಸವೆದ ಗೇರ್‌ಬಾಕ್ಸಿನ ಸದ್ದಡಗಿಸೋಕೆ ಹಳೇ ಗಾಡಿ ಮಾರೋ ಸಂತೆಯ ಕಳ್ಳರು ಹಾಕ್ತಾರೆ. ಓಡುವಾಗ ಬಿಸಿಗೆ ಕರಗಿರುತ್ತೆ. ನೆತ್ತೀಲಿ ಒಂದೂವರೆ ಗಂಟೆ ನಿಂತರೆ ಮೇಣದ ಥರ ಗಟ್ಟಿ. ಕಷ್ಟಪಟ್ಟು ಹೊರಡಬಹುದು. ಇಳಿಜಾರಲ್ಲಿ ಎರಡಕ್ಕೆ ಇಳಿಸೋಕಾಗಲ್ಲ. ಎಣ್ಣೆ ಇರದಿದ್ರೆ ಹತ್ತುವಾಗಲೇ ಗೇರಿನ ಹಲ್ಲು ಕಿರುಚಬೇಕಿತ್ತು, ಮೇಜರ್. ಕಿರುಚಲಿಲ್ಲ."

ಉಳಿದದ್ದನ್ನೂ ಆಕೆ ಬಿಡಿಸಿ ಹೇಳಿದಳು. ತುಂಬಿದ ಬಾಕ್ಸಿಗೆ ಕೊಬ್ಬು ಸೇರಬೇಕಾದರೆ ಒಂದಷ್ಟು ಎಣ್ಣೆ ಹೊರಬರಬೇಕು. ಕೆಳಗಿನ ಬೋಲ್ಟನ್ನು ಯಾರೂ ಮುಟ್ಟಿಲ್ಲ. ಹಾಗಾದರೆ ಗಾಡಿಯನ್ನು ಒಂದು ಪಕ್ಕಕ್ಕೆ ಎತ್ತಿ, ಪಕ್ಕದ ತೂತಿನಿಂದ ಚೆಲ್ಲಿಸಿದ್ದಾರೆ. ಆ ಸಂಜೆ ಕುಬಾನನ ವ್ಯಾನಿಗೆ ಜಾಕು ಕೊಟ್ಟು ಚಳಿಗಾಲದ ಟೈರು ಹಾಕಿದವನು ಒಬ್ಬನೇ. ಟ್ಯೂಬಿಗೆ ತೇಪೆ ಹಾಕುವ ಒಲೆಯೂ ಅವನದೇ, ಕೊಬ್ಬು ಕರಗಿಸಲು ಅಷ್ಟು ಸಾಕು.

"ಟೈರು ಹಾಕೋದು ನನ್ನ ಕೆಲಸ," ಎಂದ ಅಬ್ದಿಶ್.

"ಕೂಗಿ ಜನ ತುಂಬಿಸೋದೂ ನಿನ್ನ ಕೆಲಸಾನೇ, ಅಬ್ದಿಶಣ್ಣಾ. ಚಳೀಲಿ ಕೂಸು ಹೊತ್ತ ಹೆಂಗಸನ್ನ ಖಾಲಿ ವ್ಯಾನಿಂದ ಇಳಿಸಿದ್ದು ಯಾಕೆ? ಈ ದಾರೀಲಿ ನಿಂತೋರನ್ನ ಶತ್ರು ಆದ್ರೂ ಹತ್ತಿಸಿಕೊಳ್ತಾನೆ. ಆ ವ್ಯಾನು ಕೆಳಗೆ ತಲುಪಲ್ಲ ಅಂತ ನಿನಗೊಬ್ಬನಿಗೇ ಗೊತ್ತಿತ್ತು."

ಅಬ್ದಿಶ್ ಕೈಗೆ ಮೆತ್ತಿದ್ದ ರಬ್ಬರ್ ಅಂಟನ್ನು ನಿಧಾನವಾಗಿ ಕೆರೆದು ತೆಗೆದ. ತಪ್ಪಿಸಿಕೊಳ್ಳುವ ಆಸೆ ಅವನ ಮುಖದಲ್ಲಿ ಇರಲಿಲ್ಲ.

"ಕೂಸು ಏನು ಮಾಡಿತ್ತು? ಐದು ವರ್ಷದ ಹಿಂದೆ ಕುಬಾನ್ ಸಂತೇಲಿ ಗಾಡಿ ಮಾರ್ತಿದ್ದ. ನನ್ನ ಮಗನಿಗೂ ಒಂದು ಮಾರಿದ. ಅದೇ ಕೊಬ್ಬು, ಅದೇ ಘಟ್ಟ, ಅದೇ ಸಾವು." ಅವನು ಜೆನಿಶನ ಕಡೆ ತಿರುಗಿದ. "ಕೊಳ್ಳೋವಾಗ ಕಿವಿಗೊಟ್ಟು ಕೇಳಿದ್ದು ಇವನು. 'ಸದ್ದೇ ಇಲ್ಲ, ತಗೋ ತಮ್ಮಾ' ಅಂದ. ಬೋಲ್ಟು ಬಿಚ್ಚಿ ನೋಡೋಕೆ ಸೋಮಾರಿತನ. ಅದಕ್ಕೇ ಇವನು ಎಣ್ಣೆ ಹಾಕೋ ದಿನಕ್ಕೆ ಕಾದೆ. ಅವನು ಸಾಯಬೇಕು, ಇವನು ಒಳಗೆ ಹೋಗಬೇಕು."

ಜೆನಿಶ್ ತಲೆ ತಗ್ಗಿಸಿ ಮೇಜಿನ ಮೇಲಿದ್ದ ಬೋಲ್ಟನ್ನು ಕೈಯಲ್ಲಿ ತಿರುಗಿಸತೊಡಗಿದ. ಅಣ್ಣನಿಗೆ ಆ ಹುಡುಗನ ನೆನಪಿದೆ ಎಂಬುದು ಬುರುಲ್‌ಗೆ ತಿಳಿದುಹೋಯಿತು.

"ಆ ಮುದ್ದೆ ಹಿಡಕೊಂಡು ಪೊಲೀಸರ ಹತ್ರ ಬರಬೇಕಿತ್ತು," ಎಂದಳು ಉಮ್ಸುನಾಯ್.

"ಬಂದಿದ್ದೆ. ನಿಮ್ಮ ಮೇಜಿಗೇ ಡಬ್ಬೀಲಿ ತಂದಿದ್ದೆ. ನೀವು ಮುಚ್ಚಳಾನೂ ತೆಗೀಲಿಲ್ಲ. 'ಚಾಲಕನಿಗೆ ನಿದ್ದೆ' ಅಂತ ಬರೆದು ಸಹಿ ಹಾಕಿದ್ರಿ."

ಸಾವಿರಾರು ಕಡತ ನೋಡಿದ್ದ ಉಮ್ಸುನಾಯ್‌ಗೆ ಅದು ನೆನಪಾಗಲಿಲ್ಲ. ನೆನಪಿಲ್ಲ ಎಂದೇ ಹೇಳಿದಳು.

ಮೇಜರ್ ಬೇಡಿ ಹಾಕಿದ. ಜೆನಿಶನ ಮೇಲೆ ಯಾವ ಆರೋಪವೂ ಇಲ್ಲ ಎಂದ. ಜೆನಿಶ್ ಕೂತಲ್ಲಿಂದ ಏಳಲಿಲ್ಲ.

ಬಾಗಿಲ ಹತ್ತಿರ ಅಬ್ದಿಶ್ ನಿಂತು ಜೆನಿಶ್ ಮತ್ತು ಉಮ್ಸುನಾಯ್ ಕಡೆ ತಿರುಗಿದ. "ಒಬ್ಬಂದು ಮುಗೀತು. ನಿಮ್ಮಿಬ್ಬರದು ಉಳೀತು. ಜೈಲಿಂದ ವಾಪಸ್ ಬರ್ತೀನಿ," ಎಂದ, ದನಿ ಏರಿಸದೆ.

ಉಮ್ಸುನಾಯ್ ಮೇಜರನಿಂದ ಒಂದು ಬಿಳಿ ಹಾಳೆ ಇಸಿದುಕೊಂಡು, ಐದು ವರ್ಷದ ಹಿಂದಿನ ಆ ಸಹಿ ತನ್ನದೇ ಎಂದು ಬರೆಯಲು ಕುಳಿತಳು.